ಸಿಕಲ್ ಸೆಲ್ ಕಾರ್ಡ್ ಬಚ್ಚಿಡಬೇಕಾಗಿಲ್ಲ

ಮಾನ್ಯರೇ,

ಪರಿಚಯದ ಹುಡುಗಿಯೊಬ್ಬಳ ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ, ಹೆತ್ತವರಿಂದ ಬರುವ ರಕ್ತದ ಕಾಯಿಲೆ) ತಪಾಸಣೆ ಕಾರ್ಡನ್ನು ಅವಳ ತಾಯಿ ರಾಗಿ ಡಬ್ಬದ ಅಡಿಯಲ್ಲಿ ಬಚ್ಚಿಟ್ಟಿದ್ದಾರೆ. ಅದರಲ್ಲಿ 'ವಾಹಕಿ' ಅಂತ ಬರೆದಿದೆ, ಮದುವೆ ಆಗಲ್ಲ ಅನ್ನೋ ಭಯ. ನೋಡಿ ಸಂಕಟವಾಯಿತು.

ವಾಹಕಿ ಅಂದರೆ ರೋಗಿ ಅಲ್ಲ. ಹಿಮೋಗ್ಲೋಬಿನ್ ಜೀನ್‌ನಲ್ಲಿ ಡಿಎನ್ಎ ಬರಹದ ಒಂದೇ ಒಂದು ಅಕ್ಷರ ಬದಲಾಗಿದೆ, ಅದೂ ಅಪ್ಪ ಅಥವಾ ಅಮ್ಮನಿಂದ ಬಂದ ಒಂದು ಪ್ರತಿಯಲ್ಲಿ ಮಾತ್ರ. ಅಂಥವರನ್ನು ಮಲೇರಿಯಾ ಸುಲಭಕ್ಕೆ ಕೊಲ್ಲುವುದಿಲ್ಲ. ಹಾಗಾಗಿಯೇ ಸೊಳ್ಳೆ ಜಾಸ್ತಿ ಇದ್ದ ಕಡೆ, ಆಫ್ರಿಕಾದಲ್ಲಾಗಲಿ ನಮ್ಮ ಪಕ್ಕದ ನೀಲಗಿರಿಯಲ್ಲಾಗಲಿ (ಭಾರತದಲ್ಲಿ 1952ರಲ್ಲಿ ಇದು ಮೊದಲು ವರದಿಯಾಗಿದ್ದು ಅಲ್ಲಿಂದಲೇ), ಈ ಬದಲಾವಣೆ ಇದ್ದವರು ಬದುಕುಳಿದು ಅದನ್ನು ಮಕ್ಕಳು ಮೊಮ್ಮಕ್ಕಳಿಗೆ ದಾಟಿಸಿದರು. ಹಿರಿಯರ ಜೀವ ಉಳಿಸಿದ ಜೀನ್ ಕಳಂಕ ಹೇಗಾಗುತ್ತದೆ?

ತೊಂದರೆ ಇರುವುದು ಎರಡೂ ಪ್ರತಿ ಬದಲಾದಾಗ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅದಕ್ಕೇ ಹುಡುಗನ ಪರೀಕ್ಷೆಯೂ ಆಗಬೇಕು, ಅಲ್ವಾ?

2023ರಿಂದ ದೇಶದಲ್ಲಿ ದೊಡ್ಡ ತಪಾಸಣಾ ಅಭಿಯಾನ ನಡೆಯುತ್ತಿದೆ, ಒಳ್ಳೆಯದೇ. ಆದರೆ ಕಾರ್ಡ್ ಸುಮ್ನೆ ಕೈಗಿಟ್ಟು ಹೋಗದೆ ಐದು ನಿಮಿಷ ಕೂತು ಇಷ್ಟನ್ನು ವಿವರಿಸಿ, ಆ ತಾಯಿಗೂ ಸೇರಿಸಿ.

– ಓದುಗ, ಗುಂಡ್ಲುಪೇಟೆ