ಗೆಳೆಯಾ, ಆ ಐದು ಮೆಟ್ಟಿಲು ಬೇಡ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಹೋಂಸ್ಟೇ ಪ್ಲಾನ್ ನೋಡಿದೆ. ಜಾಗ ತುಂಬಾ ಚೆನ್ನಾಗಿದೆ. ಮೂರು ರೂಮು, ಮುಂದೆ ಉದ್ದ ಜಗಲಿ, ಎದುರಿಗೆ ತೋಟ, ಅದರಾಚೆ ಬೆಟ್ಟ. ಕೊನೆಯಲ್ಲಿ ನೀನು ಬರೆದ ಸಾಲು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. "ಮುಂದೆ ಐದು ಮೆಟ್ಟಿಲು ಬರುತ್ತೆ. ನೀನು ಯೋಚನೆ ಮಾಡ್ಬೇಡ, ಬಂದಾಗ ನಾಲ್ಕು ಜನ ಸೇರಿ ಎತ್ಕೊಂಡು ಹೋಗ್ತೀವಿ" ಅಂದಿದ್ದೀಯ. ಪ್ರೀತಿಯಿಂದಲೇ ಹೇಳಿದ್ದೀಯ, ನನಗೆ ಗೊತ್ತು. ಆದರೂ ಇದಕ್ಕೆ ಉತ್ತರ ಬರೆಯಲೇಬೇಕು. ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ, ಯಾಕಂದ್ರೆ ಕೊಡಗಿನಲ್ಲಿ ಈಗ ಮನೆ ಕಟ್ಟುತ್ತಿರುವವನು ನೀನೊಬ್ಬನೇ ಅಲ್ಲ.

ವೀಲ್‌ಚೇರ್ ಸಮೇತ ನನ್ನನ್ನು ಎತ್ತುವುದು ಅಂದರೆ ಏನಾಗುತ್ತದೆ ಹೇಳುತ್ತೇನೆ. ಇಬ್ಬರು ಹಿಂದಿನ ಹಿಡಿ ಹಿಡಿಯುತ್ತಾರೆ, ಇಬ್ಬರು ಮುಂದೆ ಬಗ್ಗುತ್ತಾರೆ. ಮುಂದಿನವರು ನಾನು ಪಾದ ಇಡುವ ಹಲಗೆಗೆ ಕೈ ಹಾಕುತ್ತಾರೆ. ಅದು ಕಳಚಿ ಕೈಗೇ ಬರುತ್ತದೆ. "ಅದಲ್ಲ, ಪೈಪ್ ಹಿಡೀರಿ" ಅಂತ ನಾನು ಕೂಗಬೇಕು. ಮಳೆ ಬಿದ್ದು ಮೆಟ್ಟಿಲು ಒದ್ದೆಯಾಗಿದ್ದರೆ ಯಾರದೋ ಒಬ್ಬರ ಕಾಲು ಜಾರುತ್ತದೆ. ಒಂದು ಸಲ ಕಾಳುಮೆಣಸು ಕೊಯ್ಯುವ ಏಣಿಯಿಂದ ಬಿದ್ದು ಬೆನ್ನು ಮುರಿದುಕೊಂಡವನು ನಾನು. ಇನ್ನೊಂದು ಸಲ ಬೀಳುವ ಹಾಗಿಲ್ಲ.

ಅದಕ್ಕಿಂತ ಕಷ್ಟದ್ದು ಒಳಗೆ ಹೋದ ಮೇಲೆ ಶುರುವಾಗುತ್ತದೆ. ಒಳಗೆ ಇಟ್ಟರೆ ನಾನು ಅಲ್ಲೇ. ಒಂದು ಫೋನ್ ಬಂತು ಅಂತ ಅಂಗಳಕ್ಕೆ ಬರೋಕಾಗಲ್ಲ. ಬೇಜಾರಾಯಿತು ಅಂತ ಎದ್ದು ಹೊರಡೋಕಾಗಲ್ಲ. ಹೊರಡಬೇಕು ಅನ್ನಿಸಿದಾಗ ಆ ನಾಲ್ಕು ಜನ ಎಲ್ಲಿದ್ದಾರೆ ಅಂತ ಹುಡುಕಬೇಕು. ಅವರು ಊಟಕ್ಕೆ ಕೂತಿದ್ದರೆ ಏಳಿಸಬೇಕು. ಮದುವೆ ಮನೆಯಲ್ಲಿ ರಾತ್ರಿ ಕುಡಿದವರ ಕೈಯಲ್ಲಿ ನಾನು ಮೆಟ್ಟಿಲು ಇಳಿಯುವುದಿಲ್ಲ, ಅದು ಜೀವದ ಪ್ರಶ್ನೆ. ಹೀಗಾಗಿ ಎಷ್ಟೋ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದೇನೆ. ಜನ "ಅವನೀಗ ಯಾರ ಜೊತೆಗೂ ಬೆರೆಯಲ್ಲ" ಅಂತಾರೆ. ಬೆರೆಯೋಕೆ ಆಸೆ ಇದೆ ಕಣೋ. ಬರುವುದು, ಹೋಗುವುದು ನನ್ನ ಕೈಯಲ್ಲಿ ಇರಬೇಕು, ಅಷ್ಟೇ.

ನಿಮ್ಮ ಕುಟುಂಬದ ಹಳೇ ಮೂಲಮನೆ ಐನ್‌ಮನೆಗೆ ರ‍್ಯಾಂಪ್ ಹಾಕಿಸು ಅಂತ ನಾನು ಯಾವತ್ತೂ ಕೇಳಿಲ್ಲ. ಹಿರಿಯರು ಇಟ್ಟ ಕಲ್ಲಿನ ಮೆಟ್ಟಿಲು, ಕೈಯಾಲೆ ಅನ್ನುವ ಆ ಮುಂದಿನ ಜಗಲಿ, ಎಲ್ಲ ಹಾಗೇ ಇರಲಿ. ಹುತ್ತರಿ ಸುಗ್ಗಿ ಹಬ್ಬಕ್ಕೆ ಬಂದಾಗ ಗಟ್ಟಿ ಹಲಗೆ ಇಟ್ಟರೆ ಸಾಕು. ಆದರೆ ಹೊಸ ಮನೆಗೆ ಇನ್ನೂ ಸಿಮೆಂಟೇ ಕಲಸಿಲ್ಲ. ಅಲ್ಲಿ ಐದು ಮೆಟ್ಟಿಲು ಯಾಕೆ?

ಲೆಕ್ಕ ನೋಡು. ಮೆಟ್ಟಿಲಿಗೆ 6 ಇಂಚು ಅಂದರೆ ಐದಕ್ಕೆ 30 ಇಂಚು. ಒಂದು ಇಂಚು ಏರಲು 12 ಇಂಚು ಉದ್ದ ಬೇಕು, ಅಂದರೆ ನಿನಗೆ 30 ಅಡಿ ರ‍್ಯಾಂಪ್ ಬೇಕು. ಮೇಸ್ತ್ರಿಗೆ ಬಿಟ್ಟರೆ ಹತ್ತಡಿಯಲ್ಲಿ ಮುಗಿಸುತ್ತಾನೆ. ಅದು ಮಕ್ಕಳ ಜಾರುಬಂಡೆ ಆಗುತ್ತದೆ, ದಾರಿ ಆಗಲ್ಲ. ನಮ್ಮೂರಲ್ಲಿ ಕಟ್ಟಿದ ಹೆಚ್ಚಿನ ರ‍್ಯಾಂಪ್‌ಗಳ ಕಥೆ ಇದೇ. ಮುಂದೆ ಒಂದು ಫೋಟೋ ತೆಗೆಯುತ್ತಾರೆ, ಆಮೇಲೆ ಬೈಕ್ ಹತ್ತಿಸೋಕೆ ಬಳಸುತ್ತಾರೆ.

ಆದರೆ ನಿನಗೆ 30 ಅಡಿಯೂ ಬೇಕಾಗಿಲ್ಲ. ನಿನ್ನ ಜಾಗ ಇಳಿಜಾರು, ರಸ್ತೆ ಇರುವುದು ಮೇಲ್ಗಡೆ. ಹಾಗಿದ್ದ ಮೇಲೆ ಕೆಳಗೆ ಇಳಿದು, ಸುತ್ತಿ, ಮತ್ತೆ ಮೆಟ್ಟಿಲು ಹತ್ತಿ ಒಳಗೆ ಬರುವುದು ಯಾಕೆ? ಮೇಲಿನ ಕಡೆಯಿಂದ ಬಾಗಿಲು ಇಡು. ನೆಲದ ಮಟ್ಟವನ್ನು ಅಂಗಳದ ಮಟ್ಟಕ್ಕೆ ತಾ. ಜೀಪ್ ನಿಲ್ಲಿಸಿ ಸೀದಾ ಒಳಗೆ. ಗುಡ್ಡದ ಜಾಗದಲ್ಲಿ ಇದು ಸಾಧ್ಯ, ಬಯಲುಸೀಮೆಯವರಿಗೆ ಈ ಅನುಕೂಲವೇ ಇಲ್ಲ. ಒಂದೇ ಎಚ್ಚರ: ಮೇಲಿನಿಂದ ಬರುವ ಮಳೆ ನೀರು ಒಳಗೆ ನುಗ್ಗಬಾರದು. ಬಾಗಿಲ ಮುಂದೆ ಚರಂಡಿ ಮಾಡಿ ಕಬ್ಬಿಣದ ಜಾಲರಿ ಮುಚ್ಚು. ಸರಳುಗಳು ನಾನು ಬರುವ ದಾರಿಗೆ ಅಡ್ಡ ಇರಲಿ, ನಡುವೆ ಅರ್ಧ ಇಂಚಿಗಿಂತ ಜಾಸ್ತಿ ಸಂದು ಬೇಡ. ಮುಂದಿನ ಸಣ್ಣ ಚಕ್ರ ಅದರಲ್ಲಿ ಸಿಕ್ಕಿಕೊಂಡರೆ ಕುರ್ಚಿ ನಿಲ್ಲುತ್ತದೆ, ನಾನು ಮುಂದಕ್ಕೆ ಬೀಳುತ್ತೇನೆ.

ಎಲ್ಲಾದರೂ ಇಳಿಜಾರು ಮಾಡಲೇಬೇಕಾದರೆ ನುಣ್ಣನೆ ಟೈಲ್ಸ್ ಹಾಕಬೇಡ. ಸಿಮೆಂಟ್ ಹಸಿ ಇರುವಾಗಲೇ ಪೊರಕೆ ಎಳೆದು ಅಡ್ಡ ಗೀರು ಬರಲಿ. ಮೇಲೆ ಚಾವಣಿ ಇರಲಿ, ಎರಡೂ ಬದಿ ಕೈಹಿಡಿ ಇರಲಿ. ಜೂನ್ ಬಂದರೆ ಸೆಪ್ಟೆಂಬರ್ ತನಕ ನಮ್ಮಲ್ಲಿ ಸಿಮೆಂಟಿನ ಮೇಲೆಲ್ಲ ಪಾಚಿ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುತ್ತಲೇ ಇರಬೇಕು.

ಮಳೆಗಾಲದಲ್ಲಿ ಈ ಕುರ್ಚಿಯ ಬದುಕೇ ಬೇರೆ. ಚಕ್ರ ತಳ್ಳುವ ರಿಮ್ ಒದ್ದೆಯಾದರೆ ಕೈ ಜಾರುತ್ತದೆ, ಬ್ರೇಕ್ ಹಿಡಿಯಲ್ಲ. ಬೇರಿಂಗ್ ತುಕ್ಕು ಹಿಡಿದು ಕಿರ್‌ ಕಿರ್‌ ಅನ್ನುತ್ತದೆ. ಚಕ್ರಕ್ಕೆ ಮೆತ್ತಿದ ಕೆಸರು ಒಳಗೆಲ್ಲ ಬರುತ್ತದೆ ಅಂತ ಬಾಗಿಲಲ್ಲಿ ಹಳೇ ಕಾಫಿ ಗೋಣಿ ಹಾಸಿದ್ದೇವೆ, ಅದರ ಮೇಲೆ ಹಿಂದೆ ಮುಂದೆ ಉರುಳಿಸಿ ಒಳಗೆ ಬರುತ್ತೇನೆ. ಸೀಟಿನ ದಿಂಬಿನ ಕವರ್ ಒಣಗುವುದೇ ಇಲ್ಲ. ಒದ್ದೆ ಕವರಿನ ಮೇಲೆ ಕೂತರೆ ಚರ್ಮ ಮೆತ್ತಗಾಗಿ ಹುಣ್ಣಾಗುತ್ತದೆ, ಹುಣ್ಣಾದರೆ ತಿಂಗಳುಗಟ್ಟಲೆ ಹಾಸಿಗೆ. ಅದಕ್ಕೆ ಎರಡು ಕವರ್ ಇಟ್ಟುಕೊಂಡು ಒಂದನ್ನು ಒಲೆಯ ಹತ್ತಿರ ಒಣಗಿಸುತ್ತೇವೆ. ಕಾಲು ಗಂಟೆಗೊಮ್ಮೆ ಎರಡೂ ಕೈ ಊರಿ ಮೈ ಎತ್ತಿ ಹಿಡಿಯುವುದು, ರಾತ್ರಿ ಕನ್ನಡಿ ಹಿಡಿದು ಹಿಂಭಾಗ ನೋಡಿಕೊಳ್ಳುವುದು, ಇದೆಲ್ಲ ಈಗ ಹಲ್ಲುಜ್ಜಿದಷ್ಟೇ ಅಭ್ಯಾಸ.

ಜಿಗಣೆ ವಿಷಯ ನಿನಗೆ ಹೇಳಿರಲಿಲ್ಲ. ಸೊಂಟದಿಂದ ಕೆಳಗೆ ನನಗೆ ಏನೂ ಗೊತ್ತಾಗಲ್ಲ. ತೋಟದ ಅಂಚಿಗೆ ಹೋಗಿ ಬಂದರೆ ಹುಲ್ಲಿನಿಂದ ಪಾದ ಹಲಗೆಗೆ, ಅಲ್ಲಿಂದ ಕಾಲುಚೀಲದೊಳಗೆ ಸೇರುತ್ತವೆ. ನಿಮಗಾದರೆ ತುರಿಸುತ್ತದೆ, ತೆಗೆದು ಹಾಕುತ್ತೀರಿ. ನನಗೆ ಗೊತ್ತಾಗುವುದು ಕಾಲುಚೀಲ ಕೆಂಪಾದ ಮೇಲೆ. ಅದು ಬಿಟ್ಟ ಮೇಲೂ ರಕ್ತ ಬೇಗ ನಿಲ್ಲಲ್ಲ ನೋಡು. ಈಗ ಮಳೆಗಾಲದಲ್ಲಿ ಒಳಗೆ ಬಂದ ಕೂಡಲೇ ಚೀಲ ತೆಗೆದು ಬೆರಳು ಬೆರಳಿನ ಮಧ್ಯೆ ನೋಡುತ್ತೇನೆ. ಚಳಿಗಾಲದಲ್ಲಿ ಬೆಂಕಿಯ ಹತ್ತಿರವೂ ಅದೇ ಭಯ. ಎಲ್ಲರೂ ಕಾಲು ಚಾಚಿ ಕೂರುವಾಗ ನಾನು ದೂರ ಕೂರುತ್ತೇನೆ. ಸುಟ್ಟರೆ ವಾಸನೆ ಬಂದ ಮೇಲೇ ಗೊತ್ತಾಗುವುದು. ನಿನ್ನ ಹೋಂಸ್ಟೇಯಲ್ಲಿ ಕ್ಯಾಂಪ್‌ಫೈರ್ ಮಾಡುವಾಗ ಇದು ನೆನಪಿರಲಿ, ನನ್ನಂಥವರು ಬಂದರೆ ಬೆಂಕಿ ಹತ್ತಿರ ಕುರ್ಚಿ ಎಳೆದು ಕೂರಿಸಬೇಡ.

ಈಗ ಮುಖ್ಯ ವಿಷಯ, ಬಾತ್‌ರೂಮ್. ನಾನು ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತು ಇರಬೇಕು ಅನ್ನುವುದನ್ನು ಬೆಟ್ಟ, ರಸ್ತೆ ತೀರ್ಮಾನಿಸಲ್ಲ. ಟಾಯ್ಲೆಟ್ ತೀರ್ಮಾನಿಸುತ್ತದೆ. ನಾಲ್ಕರಿಂದ ಆರು ಗಂಟೆಗೊಮ್ಮೆ ಟ್ಯೂಬ್ ಹಾಕಿ ಮೂತ್ರ ತೆಗೆಯಬೇಕು. ಅದಕ್ಕೆ ಶುದ್ಧ ಜಾಗ ಬೇಕು, ಬಾಗಿಲು ಮುಚ್ಚಬೇಕು, ಕೈ ತೊಳೆಯೋಕೆ ನೀರು ಬೇಕು. ಇಲ್ಲ ಅಂತ ಗೊತ್ತಿದ್ದರೆ ಬೆಳಿಗ್ಗೆಯಿಂದ ನೀರು ಕುಡಿಯದೆ ಹೊರಡುತ್ತೇನೆ. ನೀರು ಕುಡಿಯದಿದ್ದರೆ ಸೋಂಕು, ಚಳಿ ಜ್ವರ. ವೀಲ್‌ಚೇರ್ ಬಳಸುವ ಯಾರನ್ನಾದರೂ ಕೇಳು, ಹೆಂಗಸರನ್ನಂತೂ ಕೇಳಲೇಬೇಕು, ಎಲ್ಲರೂ ಇದನ್ನೇ ಹೇಳುತ್ತಾರೆ.

ನಿನ್ನ ಪ್ಲಾನಿನಲ್ಲಿ ಬಾತ್‌ರೂಮ್ ಬಾಗಿಲು ಎರಡು ಅಡಿ ನಾಲ್ಕು ಇಂಚು ಇದೆ. ಚೌಕಟ್ಟು ಕಳೆದರೆ ನನ್ನ ಕುರ್ಚಿ ಒಳಗೆ ಬರಲ್ಲ. ಮೂರು ಅಡಿ ಮಾಡು. ಬಾಗಿಲು ಹೊರಗೆ ತೆರೆಯಲಿ, ಇಲ್ಲ ಪಕ್ಕಕ್ಕೆ ಜಾರಲಿ. ಒಳಗೆ ತೆರೆಯುವ ಬಾಗಿಲಿದ್ದು ಯಾರಾದರೂ ಒಳಗೆ ಬಿದ್ದರೆ ಹೊರಗಿನಿಂದ ತಳ್ಳೋಕಾಗಲ್ಲ. ಹೊಸ್ತಿಲು ಬೇಡ, ನೆಲವನ್ನೇ ಸ್ವಲ್ಪ ಓರೆ ಮಾಡಿ ನೀರು ಹರಿಸು. ಕುರ್ಚಿ ತಿರುಗಲು ಐದು ಅಡಿ ಸುತ್ತಳತೆಯ ಜಾಗ ಅಂತ ಬರೆಯಬೇಡ, ಮೇಸ್ತ್ರಿ ತಪ್ಪು ತಿಳಿಯುತ್ತಾನೆ. ಐದು ಅಡಿ ಉದ್ದ, ಐದು ಅಡಿ ಅಗಲ ಖಾಲಿ ಅಂತ ಬರೆ. ಕಮೋಡ್ ಪಕ್ಕದಲ್ಲಿ ಸ್ಟೀಲ್ ಹಿಡಿ ಹಾಕಿಸು, ಬರೀ ಟೈಲ್ಸಿಗೆ ಸಿಕ್ಕಿಸಿದರೆ ಕಿತ್ತು ಬರುತ್ತದೆ, ಗೋಡೆಯೊಳಗೆ ಬೋಲ್ಟ್ ಹೋಗಬೇಕು. ಮಂಚ ಕುರ್ಚಿ ಸೀಟಿನಷ್ಟೇ ಎತ್ತರ ಇರಲಿ.

ಜಗಲಿಯ ಕಟ್ಟೆಯನ್ನೂ ಒಮ್ಮೆ ನೋಡು. ನಾಲ್ಕು ಅಡಿ ಗೋಡೆ ತೋರಿಸಿದ್ದೀಯ. ಕೂತವನ ಕಣ್ಣು ಇರುವುದೇ ಅಷ್ಟು ಎತ್ತರದಲ್ಲಿ. ನನಗೆ ಬೆಟ್ಟ ಕಾಣಲ್ಲ, ಗೋಡೆ ಕಾಣುತ್ತದೆ. ಸರಳು ಹಾಕಿಸು.

ನಿನ್ನ ಇಂಜಿನಿಯರ್ "ಅದೆಲ್ಲ ಸರ್ಕಾರಿ ಕಟ್ಟಡಕ್ಕೆ ಮಾತ್ರ" ಅಂದರಂತೆ. ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸಾರ್ವಜನಿಕರು ಬಳಸುವ ಖಾಸಗಿ ಕಟ್ಟಡವೂ ಸಾರ್ವಜನಿಕ ಕಟ್ಟಡವೇ. ಹಳೇ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟ ಐದು ವರ್ಷ 2022ಕ್ಕೇ ಮುಗಿಯಿತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬರೀ ಸಲಹೆಯ ಹಾಗೆ ಇಟ್ಟರೆ ಆಗಲ್ಲ, ಕಡ್ಡಾಯ ನಿಯಮ ಮಾಡಿ ಅಂತ ಕೇಂದ್ರಕ್ಕೆ ಹೇಳಿತು.

ಹೊರಗಿನ ಓಡಾಟದ ಬಗ್ಗೆ ನೀನು ಕೇಳಿದ್ದೆ. ಮಡಿಕೇರಿಯಲ್ಲಿ ಒಬ್ಬನೇ ಕುರ್ಚಿ ತಳ್ಳುವುದು ಆಗದ ಮಾತು, ಒಂದೋ ಏರು, ಇಲ್ಲಾ ಇಳಿತ. ಕುಶಾಲನಗರ ಸಮತಟ್ಟು, ಅಲ್ಲಿ ಪೇಟೆ ಸುತ್ತಬಹುದು. ಸೈಡ್ ವೀಲ್ ಸ್ಕೂಟರಿನಲ್ಲಿ ಎಲ್ಲಿಗಾದರೂ ಹೋಗುತ್ತೇನೆ, ಆದರೆ ಕುರ್ಚಿ ಅದರಲ್ಲಿ ಬರಲ್ಲ. ಹೋದ ಕಡೆ ಸ್ಕೂಟರ್ ಮೇಲೇ ಕೂತಿರಬೇಕು. ಬ್ಯಾಂಕಿನವರು ಫಾರಂ ಹಿಡಿದು ರಸ್ತೆಗೆ ಬಂದು ಸಹಿ ಹಾಕಿಸಿಕೊಳ್ಳುತ್ತಾರೆ. ಒಳ್ಳೆಯವರು. ಆದರೆ ನನ್ನ ಖಾತೆಯಲ್ಲಿ ಎಷ್ಟಿದೆ ಅಂತ ಪಕ್ಕದ ಅಂಗಡಿಯವನಿಗೂ ಕೇಳಿಸುತ್ತದೆ. ಜಿಲ್ಲೆಯಲ್ಲಿ ರೈಲಿಲ್ಲ, ಇರುವುದು ಬಸ್ಸು, ಅದರ ಮೆಟ್ಟಿಲು ನನ್ನ ಎದೆ ಮಟ್ಟಕ್ಕಿದೆ. ಅಂಗವಿಕಲರ ರಿಯಾಯಿತಿ ಬಸ್ ಪಾಸ್ 100 ಕಿಲೋಮೀಟರ್ ತನಕ. ಮಡಿಕೇರಿಯಿಂದ ಮೈಸೂರಿನ ಆಸ್ಪತ್ರೆಗೆ ಸುಮಾರು 120. ತಲಕಾವೇರಿಗೆ ತೀರ್ಥೋದ್ಭವಕ್ಕೆ ಹೋಗಿ ಬಂದವರು ನನಗೂ ಬಾಟಲಿಯಲ್ಲಿ ತೀರ್ಥ ತಂದು ಕೊಡುತ್ತಾರೆ, ಖುಷಿಯಾಗುತ್ತದೆ. ಆದರೂ ಅಲ್ಲಿ ಜನರ ಮಧ್ಯೆ ನಾನೇ ಇರಬೇಕಿತ್ತು ಅನ್ನಿಸದೆ ಇರಲ್ಲ.

ನನಗೆ ಯಾರ ಸಹಾಯವೂ ಬೇಡದ ಒಂದು ಜಾಗ ಇದೆ, ನಮ್ಮ ಕಾಫಿ ಕಣ. ಇಡೀ ತೋಟದಲ್ಲಿ ಅಷ್ಟು ದೊಡ್ಡ ಸಮತಟ್ಟು ಸಿಮೆಂಟ್ ನೆಲ ಇನ್ನೆಲ್ಲೂ ಇಲ್ಲ. ಕಾಫಿ ಹರಡದ ತಿಂಗಳುಗಳಲ್ಲಿ ಸಂಜೆ ಅಲ್ಲಿ ಸುತ್ತು ಹೊಡೆಯುತ್ತೇನೆ. ಮಗಳು ಸೈಕಲ್, ನಾನು ಕುರ್ಚಿ. ಜನವರಿಯಲ್ಲಿ ಕಣ ತುಂಬಿದಾಗ ಅಂಚಿನಲ್ಲಿ ಕೂತು ತೂಕದ ಲೆಕ್ಕ ಬರೆಯುತ್ತೇನೆ. ಕೈಗೆಟಕುವಷ್ಟು ಕಾಫಿಯನ್ನು ನಾನೇ ಎಳೆದು ತಿರುವುತ್ತೇನೆ. ನೆಲ ಒಂದು ಸರಿ ಇದ್ದರೆ ನಾನು ಎಷ್ಟು ಕೆಲಸ ಮಾಡಬಲ್ಲೆ ಅಂತ ಅಲ್ಲಿ ಬಂದು ನೋಡು.

ಇನ್ನೊಂದು ಮಾತು, ಹೋಂಸ್ಟೇಗಿಂತ ಇದು ಮೊದಲು. ತೋಟದ ಕೆಲಸದವರು ಇರುವ ನಿಮ್ಮ ಲೈನ್ ಮನೆಯಲ್ಲಿ ಪಾರ್ಶ್ವವಾಯು ಹೊಡೆದ ಅಜ್ಜಿ ಇದ್ದಾರಲ್ವಾ? ವರ್ಷಗಟ್ಟಲೆ ನಿಮ್ಮ ತೋಟದಲ್ಲೇ ಕೆಲಸ ಮಾಡಿದವರು. ಟಾಯ್ಲೆಟ್ ಲೈನಿನ ಆ ತುದಿಯಲ್ಲಿದೆ, ದಾರಿ ಕೆಸರು, ಮುಂದೆ ಮೆಟ್ಟಿಲು. ಅವರು ಹೇಗೆ ಹೋಗುತ್ತಾರೆ ಅಂತ ಕೇಳಿದ್ದೀಯಾ? ಮೇಸ್ತ್ರಿ ಬಂದಾಗ ಮೊದಲು ಆ ದಾರಿಗೆ ಸಿಮೆಂಟ್ ಹಾಕಿಸಿ ಒಂದು ಕೈಹಿಡಿ ನಿಲ್ಲಿಸು. ಅವರಿಗೆ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡ್ ಇನ್ನೂ ಆಗಿಲ್ಲ ಅಂತ ಕೇಳಿದೆ. ನಿಮ್ಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರನ್ನು ಹಿಡಿ. ಪಂಚಾಯಿತಿ ಹಣದಲ್ಲಿ ನೂರಕ್ಕೆ 5 ಅಂಗವಿಕಲರಿಗೇ ಖರ್ಚಾಗಬೇಕು, ಅದನ್ನೂ ಕೇಳು. ಅರ್ಜಿ ತುಂಬಲು ಫೋನಿನಲ್ಲಿ ನಾನು ಕೂರುತ್ತೇನೆ. ಅವರ ಆಧಾರ್ ಮತ್ತು ಒಂದು ಫೋಟೋ ಈ ವಾರವೇ ಕಳಿಸು.

ಇಂತಿ,
ನಿನ್ನ ಗೆಳೆಯ