ಎರಡು ಬಾಚಿಹಲ್ಲುಗಳ ಋಣ

ಕಳೆದ ವಾರ ನನ್ನ ಮಗನ ಹಲ್ಲು ಕಸಿಯ ಮೂರನೇ ವರ್ಷದ ತಪಾಸಣೆ ಮುಗಿಯಿತು. ಎಕ್ಸ್‌ರೇ ನೋಡಿದ ಮಕ್ಕಳ ದಂತವೈದ್ಯೆ, ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು ಎಂದರು. ಹಾವೇರಿ ಜಿಲ್ಲೆಯ ನಮ್ಮ ಹಳ್ಳಿಯಿಂದ ನಗರದ ದಂತ ಕಾಲೇಜಿಗೆ ಆರು ವರ್ಷ ಬಸ್ಸಿನಲ್ಲಿ ಓಡಾಡಿದ ನನಗೆ ಆಗ ಮಾತೇ ಹೊರಡಲಿಲ್ಲ. ಅಂದು ಹೇಳಲಾಗದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವನು 8 ವರ್ಷದವನಿದ್ದಾಗ ಶಾಲೆಯ ಅಂಗಳದಲ್ಲಿ ಬಿದ್ದು ಮೇಲಿನ ಒಂದು ಬಾಚಿಹಲ್ಲು ಬೇರುಸಹಿತ ಕಿತ್ತುಬಂತು, ಪಕ್ಕದ್ದು ಅರ್ಧಕ್ಕೆ ಮುರಿಯಿತು. ಕಿತ್ತುಬಂದ ಹಲ್ಲನ್ನು ಮಣ್ಣು ಹೋಗಲೆಂದು ನಾನೇ ನಲ್ಲಿಯ ಕೆಳಗೆ ಉಜ್ಜಿ ತೊಳೆದು, ಕರವಸ್ತ್ರದಲ್ಲಿ ಸುತ್ತಿ, ಎರಡು ಗಂಟೆಯ ನಂತರ ಆಸ್ಪತ್ರೆ ಮುಟ್ಟಿಸಿದೆ. ಬೇರಿನ ಮೇಲಿನ ತೆಳು ಪೊರೆ ಒಣಗಿದರೆ ಅದರ ಜೀವಕೋಶಗಳು ಬದುಕವೆಂದು ನನಗೆ ತಿಳಿದಿರಲಿಲ್ಲ. ವೈದ್ಯರು ನನ್ನನ್ನು ದೂರದೆ ಅದನ್ನು ಮತ್ತೆ ಕೂರಿಸಿದರು. ಅದು ಬಹುಕಾಲ ಬಾಳದು, ಆದರೆ ಅಷ್ಟು ದಿನ ಮೂಳೆಯನ್ನು ಉಳಿಸುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು.

ಮುರಿದ ಹಲ್ಲಿನ ಒಳಗಿನ ತಿರುಳು ಕೆಲವೇ ವಾರಗಳಲ್ಲಿ ಸತ್ತಿತು. ಆ ವಯಸ್ಸಿನಲ್ಲಿ ಬೇರಿನ ಗೋಡೆ ತೆಳು, ತುದಿ ಇನ್ನೂ ತೆರೆದ ಬಾಯಿ. ಮಾಮೂಲಿ ರೂಟ್ ಕೆನಾಲ್ ಮಾಡಿದರೆ ಹಲ್ಲು ಮುಂದೆ ಬುಡದಲ್ಲೇ ಮುರಿಯುವ ಭಯ. ಜಪಾನಿನ ವೈದ್ಯರು 2001ರಲ್ಲಿ ವರದಿ ಮಾಡಿದ್ದಂಥ ಬೇರಿನ ಪುನರುಜ್ಜೀವನ ಚಿಕಿತ್ಸೆಯನ್ನು ನಮ್ಮ ವೈದ್ಯೆ ಆರಿಸಿಕೊಂಡರು. ಬೇರಿನೊಳಗಿನ ನಾಳವನ್ನು ತೊಳೆದು, ಸೋಂಕು ಅಳಿಸುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಟ್ಟು ನಾಲ್ಕು ವಾರ ಕಾದರು. ಮುಂದಿನ ಭೇಟಿಯಲ್ಲಿ, ರಕ್ತ ಬರಲೆಂದೇ, ರಕ್ತನಾಳ ಬಿಗಿಸುವ ಅಡ್ರಿನಲಿನ್ ಇಲ್ಲದ ಅರಿವಳಿಕೆ ಇಂಜೆಕ್ಷನ್ ಕೊಟ್ಟು, ಬೇರಿನ ತುದಿಯಾಚೆ ಸಣ್ಣ ಸೂಜಿಯಿಂದ ಕೆಣಕಿ, ನಾಳದೊಳಗೆ ಏರಿದ ರಕ್ತ ಹೆಪ್ಪುಗಟ್ಟಿದ ಮೇಲೆ ಎಂಟಿಎ ಎಂಬ ಸಿಮೆಂಟಿನಂಥ ವಸ್ತುವಿನಿಂದ ಮುಚ್ಚಿದರು. ಹುಷಾರು ಮಾಡಬೇಕಾದವರೇ ರಕ್ತ ಬರಿಸುತ್ತಾರಲ್ಲ ಎಂದು ನಮ್ಮ ಅತ್ತೆಯವರು ಗಾಬರಿಯಾಗಿದ್ದರು. ಬೆಳೆಯುವುದು ಮೊದಲಿನ ತಿರುಳೇ ಅಲ್ಲ, ಬೇರು ಉದ್ದವಾಗುವ ಖಾತ್ರಿಯೂ ಇಲ್ಲ ಎಂದು ವೈದ್ಯೆ ಎಚ್ಚರಿಸಿದ್ದರೂ, ಒಂದೂವರೆ ವರ್ಷದಲ್ಲಿ ತುದಿ ಮುಚ್ಚಿ ಗೋಡೆ ದಪ್ಪಗಾಯಿತು.

ಮತ್ತೆ ಕೂರಿಸಿದ್ದ ಹಲ್ಲು ಮಾತ್ರ ಮೂಳೆಗೆ ಬೆಸೆದುಕೊಂಡು, ದವಡೆ ಬೆಳೆದಂತೆ ಜೊತೆಗೆ ಇಳಿಯದೆ ಹಿಂದುಳಿಯಿತು. ಪರೀಕ್ಷಿಸುವ ಕನ್ನಡಿಯ ಹಿಡಿಯಿಂದ ತಟ್ಟಿದರೆ ಉಳಿದವು ಮಂದವಾಗಿ ಸದ್ದು ಮಾಡುತ್ತಿದ್ದವು. ಅದೊಂದು ಟಣ್ ಎನ್ನುತ್ತಿತ್ತು. ಬೆಳೆಯುವ ದವಡೆಯಲ್ಲಿ ಇಂಪ್ಲಾಂಟಿಗೂ, ಅಂದರೆ ಮೂಳೆಯಲ್ಲಿ ಕೂರಿಸುವ ಕೃತಕ ಬೇರಿಗೂ, ಅದೇ ಗತಿಯಂತೆ. ಹಾಗಾಗಿ ಮಗನಿಗೆ 11 ತುಂಬಿದಾಗ, ಇಕ್ಕಟ್ಟಿನಿಂದಾಗಿ ಹೇಗೂ ಕೀಳಬೇಕಿದ್ದ ಕೆಳದವಡೆಯ ಪ್ರೀಮೋಲಾರ್ (ಕೋರೆಹಲ್ಲಿನ ಹಿಂದಿನ ಸಣ್ಣ ದವಡೆಹಲ್ಲು) ಒಂದನ್ನು, ಅದರ ಬೇರು ಮುಕ್ಕಾಲು ಬೆಳೆದ ಹದ ನೋಡಿ, ಬೆಸೆದುಕೊಂಡಿದ್ದ ಹಲ್ಲಿನ ಜಾಗಕ್ಕೆ ಕಸಿ ಮಾಡಿದರು. ಸ್ಕ್ಯಾನ್ ಆಧರಿಸಿ ಮುದ್ರಿಸಿದ ಆ ಪ್ರೀಮೋಲಾರ್‌ನ ಪ್ಲಾಸ್ಟಿಕ್ ಪ್ರತಿಯನ್ನಿಟ್ಟು ಗುಂಡಿಯನ್ನು ಮೊದಲೇ ಹದಗೊಳಿಸಿದ್ದರಿಂದ ಜೀವಂತ ಹಲ್ಲು ಬಾಯಿಯ ಹೊರಗಿದ್ದದ್ದು ಕೆಲವೇ ಕ್ಷಣ. ಎರಡು ವಾರ ತೆಳು ತಂತಿಯ ಆಸರೆ ಕೊಟ್ಟರು, ಆಮೇಲೆ ಹಲ್ಲಿನ ಬಣ್ಣದ ಕಾಂಪೋಸಿಟ್ ಹಚ್ಚಿ ಬಾಚಿಹಲ್ಲಿನ ರೂಪ ತಂದರು. ಅದಕ್ಕೆ ರೂಟ್ ಕೆನಾಲ್ ಬೇಕಾಗಲೇ ಇಲ್ಲ. ಬೇರು ತಾನಾಗಿ ಬೆಳೆದು ಪೂರ್ತಿಯಾಯಿತು. ಈಗ ಅವನು ಖಟಕ್ ರೊಟ್ಟಿ ಕಡಿಯುತ್ತಾನೆ.

ಮಕ್ಕಳ ದಂತವೈದ್ಯೆಗೆ, ಕಸಿ ಮಾಡಿದ ಶಸ್ತ್ರವೈದ್ಯರಿಗೆ, ಹಲ್ಲು ಸಾಲು ಸರಿಪಡಿಸುವ ವೈದ್ಯರಿಗೆ, ಪ್ರತಿ ತಪಾಸಣೆಯ ಹಿಂದಿನ ಸಂಜೆ ತಪ್ಪದೆ ಫೋನ್ ಮಾಡಿ ನೆನಪಿಸಿದ ಪಿಜಿ ವಿದ್ಯಾರ್ಥಿನಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರಗಳು. ಶಾಲೆಯ ಮುಖ್ಯೋಪಾಧ್ಯಾಯರಿಗೂ ಕೃತಜ್ಞಳಾಗಿದ್ದೇನೆ. ನನ್ನ ತಪ್ಪಿನ ಕಥೆ ಕೇಳಿದ ಮರುದಿನವೇ ಅವರು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಮೇಲೆ ತಾವೇ ಬರೆದು ಒಂದು ಚೀಟಿ ಅಂಟಿಸಿದರು: "ಬಿದ್ದ ಹಲ್ಲಿನ ಬೇರು ಮುಟ್ಟಬೇಡಿ, ಉಜ್ಜಬೇಡಿ. ಹಾಲಿನಲ್ಲಿ ಹಾಕಿ ತಕ್ಷಣ ದಂತವೈದ್ಯರ ಬಳಿ ಒಯ್ಯಿರಿ."