ಚಳಿಯಲ್ಲಿ ಆಲೂಗಡ್ಡೆ ಗನ್: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಕಳೆದ ವಾರ ಏಳನೇ ತರಗತಿಯ ಹುಡುಗನೊಬ್ಬನ ಚೀಲದಿಂದ ಪಿವಿಸಿ ಪೈಪೊಂದು ಇಣುಕುತ್ತಿತ್ತು. ಏನಪ್ಪಾ ಇದು ಅಂತ ಕೇಳಿದೆ. "ಆಲೂ ಗನ್ ಸರ್, ಅಣ್ಣನೂ ನಾನೂ ಸೇರಿ ಮಾಡಿದ್ದು" ಎಂದ. ಪೈಪಿನೊಳಗೆ ಗಾಳಿ ತುಂಬಿಯೋ ಸ್ಪ್ರೇ ಹೊತ್ತಿಸಿಯೋ ಆಲೂಗಡ್ಡೆ ಹಾರಿಸುವ ಮನೆತಯಾರಿ ಗನ್ ಅದು. ಅವನ ಮುಖದಲ್ಲಿ ಭಯಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು. ಸುಳ್ಳು ಯಾಕೆ ಹೇಳಲಿ, ಕೆಲಸ ಅಚ್ಚುಕಟ್ಟಾಗಿಯೇ ಇತ್ತು. ಆದರೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ ಅಂಟಿಸಿದ ಜಾಗದ ಪಕ್ಕದಲ್ಲೇ ಕೂದಲೆಳೆಯಷ್ಟು ಸಣ್ಣ ಬಿಳಿ ಗೆರೆಯೊಂದು ಕಂಡಿತು. ಬೆಳಗಿನ ಚಳಿಯಲ್ಲಿ ಒಮ್ಮೆ ಕೈಜಾರಿ ಬಿದ್ದಿತ್ತಂತೆ. ಆ ಗೆರೆ ನೋಡಿದ ಮೇಲೆ ಈ ಪತ್ರ ಬರೆಯದೆ ಇರಲಾಗಲಿಲ್ಲ.

ಚಳಿ ಪಿವಿಸಿಯನ್ನು ಮೆತ್ತಗೆ ಮಾಡುವುದಿಲ್ಲ, ಇನ್ನಷ್ಟು ಬಿರುಸು ಮಾಡುತ್ತದೆ. ಮೋಸ ಇರುವುದೇ ಇಲ್ಲಿ. ಕೈಗೆ ಗಟ್ಟಿ ಅನ್ನಿಸುವ ಪೈಪು ದಿಢೀರ್ ಏಟು ಬಿದ್ದಾಗ ಬಾಗಿ ಸುಧಾರಿಸಿಕೊಳ್ಳುವ ಗುಣ ಕಳೆದುಕೊಂಡಿರುತ್ತದೆ. ಉಷ್ಣಾಂಶ ಸೊನ್ನೆ ಡಿಗ್ರಿಯತ್ತ ಇಳಿದಷ್ಟೂ ಅದರ ವರ್ತನೆ ಗಾಜಿಗೆ ಹತ್ತಿರವಾಗುತ್ತದೆ. ಬಾಯಿಮಾತಿಗೆ ಮಕ್ಕಳು ಬಗ್ಗುವುದಿಲ್ಲವಲ್ಲ, ಅದಕ್ಕೇ ಒಂದೇ ಪೈಪಿನ ಎರಡು ತುಂಡು ತಂದೆ. ಒಂದನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟೆ, ಇನ್ನೊಂದನ್ನು ಮೇಜಿನ ಮೇಲೆ. ಬೆಳಿಗ್ಗೆ ಗಾಗಲ್ಸ್ ಹಾಕಿಕೊಂಡು, ಎರಡನ್ನೂ ದಪ್ಪ ಗೋಣಿಯಲ್ಲಿ ಸುತ್ತಿ ಸುತ್ತಿಗೆಯಿಂದ ಬಡಿದೆ. ಮೇಜಿನ ಮೇಲಿದ್ದದ್ದು ತಗ್ಗಿಹೋಯಿತು, ಅಷ್ಟೇ. ಫ್ರೀಜರಿನದ್ದು ಚೂರುಚೂರು. ಗೋಣಿ ಕೊಡವಿದಾಗ ಬಿದ್ದ ಚೂರುಗಳ ಅಂಚು ನೋಡಿ ಇಡೀ ತರಗತಿ ಸುಮ್ಮನಾಯಿತು. (ಮನೆಯಲ್ಲಿ ಮಾಡಿ ನೋಡುವುದು ಬೇಡ, ನಾನು ಮಾಡಿದ್ದು ಸಾಕು.)

ಇನ್ನೊಂದು ಮಾತು ಬಹಳ ಜನರಿಗೆ ಹೊಳೆಯುವುದೇ ಇಲ್ಲ. ಪೈಪಿನ ಮೇಲೆ ಅಚ್ಚಾಗಿರುವ ಒತ್ತಡದ ಅಂಕಿ ನೀರಿಗೆ ಕೊಟ್ಟದ್ದು, ಗಾಳಿಗಲ್ಲ. ನೀರು ಕುಗ್ಗುವುದೇ ಇಲ್ಲ ಅನ್ನುವಷ್ಟು ಕಡಿಮೆ ಕುಗ್ಗುತ್ತದೆ. ಹಾಗಾಗಿ ನೀರಿನ ಪೈಪು ಬಿರಿದರೆ ಚಿಮ್ಮಿ ಸುಮ್ಮನಾಗುತ್ತದೆ. ಅದೇ ಒತ್ತಡದಲ್ಲಿ ಅದೇ ಪೈಪಿಗೆ ಗಾಳಿ ತುಂಬಿದರೆ ಒಳಗೆ ಕೂಡಿರುವ ಶಕ್ತಿ ಸಾವಿರಾರು ಪಟ್ಟು ಹೆಚ್ಚು. ಪೈಪು ಒಡೆದರೆ ಅಷ್ಟೂ ಶಕ್ತಿ ಚೂರುಗಳ ಬೆನ್ನಿಗೆ ಬೀಳುತ್ತದೆ. ಕಾರ್ಖಾನೆಗಳಲ್ಲಿ ನೆಲದ ಮೇಲೆ ಹಾಯುವ ಗಾಳಿಯ ಲೈನಿಗೆ ಪಿವಿಸಿ ಬಳಸುವುದರ ಬಗ್ಗೆ ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಷಾ 1988ರಲ್ಲೇ ಎಚ್ಚರಿಕೆ ಹೊರಡಿಸಿತ್ತು. ನಮ್ಮ ಮಕ್ಕಳಾದರೋ ಅಂಥ ಪೈಪನ್ನು ಕೆನ್ನೆಯ ಪಕ್ಕದಲ್ಲಿ ಹಿಡಿದುಕೊಳ್ಳುತ್ತಾರೆ.

ಸ್ಪ್ರೇ ಹೊಡೆದು ಕಿಡಿ ಕೊಡುವ ಬಗೆಯ ಗನ್ನಿಗೆ ಚಳಿಯಲ್ಲಿ ಬೇರೆಯೇ ರಗಳೆ. ಸ್ಪ್ರೇ ಡಬ್ಬಿಗಳಲ್ಲಿ ಹೆಚ್ಚಾಗಿ ಇರುವ ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಸರಿಯಾಗಿ ಆವಿಯಾಗುವುದಿಲ್ಲ. ಕಿಡಿ ಕೊಟ್ಟರೂ ಹೊತ್ತಿಕೊಳ್ಳದು. ಆಗ ಮಗು ಏನು ಮಾಡುತ್ತದೆ? ಇನ್ನೊಂದಿಷ್ಟು ಸ್ಪ್ರೇ ಹೊಡೆಯುತ್ತದೆ. ಮತ್ತೆ ಕಿಡಿ, ಮತ್ತೆ ಸ್ಪ್ರೇ. ಕೊನೆಗೆ ನಳಿಗೆಯೊಳಗೆ ಇಣುಕುತ್ತದೆ. ನನಗೆ ನಿದ್ದೆ ಕೆಡಿಸುವುದು ಆ ಇಣುಕುವ ಗಳಿಗೆ. ಅಂಟಿನ ವಿಷಯವೂ ಹಾಗೆಯೇ. ಬೆಚ್ಚಗಿನ ದಿನ ಒಣಗಲು ಹಿಡಿಯುವ ಹೊತ್ತಿಗಿಂತ ಎಷ್ಟೋ ಹೆಚ್ಚು ಹೊತ್ತು ಚಳಿಯಲ್ಲಿ ಬೇಕು. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿರುತ್ತದೆ, ಅದರ ಆವಿಯೂ ಬೆಂಕಿ ಹಿಡಿಯುವಂಥದ್ದೇ. ಇನ್ನು ಹೊರಗಿಟ್ಟು ಹೆಪ್ಪುಗಟ್ಟಿದ ಆಲೂಗಡ್ಡೆ ಎಂದರೆ ಕಲ್ಲು. 150 ಗ್ರಾಂ ಗೆಡ್ಡೆ ಸೆಕೆಂಡಿಗೆ 40 ಮೀಟರ್ ವೇಗದಲ್ಲಿ ಹೋದರೆ, ವೇಗದ ಬೌಲರ್ ಎಸೆದ ಕ್ರಿಕೆಟ್ ಚೆಂಡಿಗೆ ಸರಿಸಮ.

"ಬಿಸಿನೀರು ಹೊಯ್ದು ಪೈಪು ಬೆಚ್ಚಗೆ ಮಾಡಿಕೊಂಡರಾಯಿತಲ್ಲ ಸರ್?" ಎಂದು ತಂದೆಯೊಬ್ಬರು ಫೋನಿನಲ್ಲಿ ಕೇಳಿದರು. ಒಳ್ಳೆಯ ಪ್ರಶ್ನೆಯೇ, ಆದರೆ ಆಗದು. 23 ಡಿಗ್ರಿಯಲ್ಲಿ ಪಿವಿಸಿ ತಡೆಯುವ ಒತ್ತಡ 43 ಡಿಗ್ರಿಗೆ ಹೋಗುವಷ್ಟರಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತದೆ, 60ರಲ್ಲಿ ಕಾಲು ಭಾಗವೂ ಉಳಿಯುವುದಿಲ್ಲ. ಅಲ್ಲದೆ ಚಳಿಯಲ್ಲಿ ಬಿದ್ದ ಬಿರುಕು ಬಿಸಿನೀರಿಗೆ ಕೂಡಿಕೊಳ್ಳುವುದೂ ಇಲ್ಲ.

ಆದ್ದರಿಂದ ಶಾಲೆಯ ಆವರಣಕ್ಕೆ ಇಂಥ ಗನ್ ಯಾವ ಕಾಲದಲ್ಲೂ ಬೇಡ. ಮನೆಯಲ್ಲಿ ನಿಮ್ಮ ಮಾತೇ ಕೊನೆ, ಆದರೂ ಚಳಿಗಾಲ ಮುಗಿಯುವವರೆಗೆ ಅದನ್ನು ಮುಟ್ಟಗೊಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಬಿದ್ದದ್ದು, ಬಿಸಿಲಿನಲ್ಲಿ ಬಹಳ ದಿನ ಇದ್ದದ್ದು, ಬಿಳಿ ಗೆರೆ ಮೂಡಿದ್ದು ಯಾವುದಿದ್ದರೂ ಬೇಸಿಗೆಗೆಂದು ಎತ್ತಿಡುವುದೂ ಬೇಡ. ಗರಗಸದಲ್ಲಿ ಎರಡು ತುಂಡು ಮಾಡಿ ಬಿಸಾಡಿ. ಹೊತ್ತಿಕೊಳ್ಳದೆ ಉಳಿದ ಗನ್ ಎಲ್ಲಾದರೂ ಕಂಡರೆ ಬಾಯಿಯ ಮುಂದೆಯೂ ಹಿಂದೆಯೂ ನಿಲ್ಲದೆ ಮಕ್ಕಳನ್ನು ದೂರ ಕರೆದುಕೊಳ್ಳಿ. ಕೆಲವು ಕಡೆ ಕಾನೂನು ಇದನ್ನು ಆಯುಧವೆಂದೇ ಎಣಿಸುತ್ತದೆ, ಅದೂ ತಿಳಿದಿರಲಿ.

ಚೀಲದಲ್ಲಿ ತಂದವನಿಗೆ ಶಿಕ್ಷೆ ಕೊಟ್ಟಿಲ್ಲ. ಯಾರಾದರೂ ತಾವಾಗಿ ತಂದೊಪ್ಪಿಸಿದರೆ ಅವರ ಹೆಸರನ್ನೂ ಬರೆದುಕೊಳ್ಳುವುದಿಲ್ಲ. ಆ ಹುಡುಗನಿಗೇ ಒಂದು ಕೆಲಸ ವಹಿಸಿದ್ದೇನೆ. ರೀಫಿಲ್ ತೆಗೆದ ಪೆನ್ನಿನ ಖಾಲಿ ಕೊಳವೆಯ ಎರಡೂ ತುದಿಯನ್ನು ಆಲೂಗಡ್ಡೆ ಬಿಲ್ಲೆಗೆ ಒತ್ತಿದರೆ ಎರಡು ಬಿರಡೆ ಕೂರುತ್ತವೆ. ಸಣ್ಣ ಕಡ್ಡಿಯಿಂದ ಒಂದನ್ನು ಒಳಕ್ಕೆ ತಳ್ಳಿದರೆ ಮುಂದಿನದು "ಟಪ್" ಎಂದು ಹಾರುತ್ತದೆ. ಗಾಳಿಯನ್ನು ಕುಗ್ಗಿಸಿದಷ್ಟೂ ಅದರ ಒತ್ತಡ ಏರುತ್ತದೆ ಎಂದು ವಿಜ್ಞಾನಿ ಬಾಯ್ಲ್ 1662ರಲ್ಲಿ ಹೇಳಿದ ನಿಯಮ ಅಷ್ಟರಲ್ಲೇ ಕಣ್ಣಿಗೆ ಕಾಣುತ್ತದೆ. ಬರುವ ಶುಕ್ರವಾರ ಕೊನೆಯ ಪೀರಿಯಡ್‌ನಲ್ಲಿ ಅವನೇ ಎಲ್ಲರಿಗೂ ಮಾಡಿ ತೋರಿಸುತ್ತಾನೆ. ಮಕ್ಕಳ ಕೈಯಲ್ಲಿ ಒಂದು ಖಾಲಿ ಪೆನ್ನು, ಅರ್ಧ ಆಲೂಗಡ್ಡೆ ಕೊಟ್ಟು ಕಳುಹಿಸಿ. ಗಾಗಲ್ಸ್ ಶಾಲೆಯಲ್ಲೇ ಇವೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯ